ಹಂಚ್‌ಬ್ಯಾಕ್‌ಗೆ ಯಾವ ಇಂಜಿನ್? ಮೂರನ್ನೂ ಹಾಕಿ ಆಡಿದ ಮೇಲೆ

ಮೆಕ್ ಎಂಬ ದೈತ್ಯ ರೋಬೋಗಳನ್ನು ಓಡಿಸಿ ಕಾದಾಡುವ ಮೆಕ್‌ವಾರಿಯರ್ ಆನ್‌ಲೈನ್ ಆಟಕ್ಕೆ ಬಂದ ಹೊಸಬರು, ಮೆಕ್ ಜೋಡಿಸುವ ಪರದೆಯಾದ ಮೆಕ್‌ಲ್ಯಾಬ್‌ಗೆ ಹೋದ ಕೂಡಲೇ ಗನ್‌ಗಳ ಪಟ್ಟಿ ತೆರೆಯುತ್ತಾರೆ. ಅದು ಸಹಜವೇ. ಆದರೆ ನಿಮ್ಮ ರೋಬೋ ಹನ್ನೆರಡು ಎದುರಾಳಿಗಳ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದನ್ನು ಗನ್‌ಗಿಂತ ಮೊದಲು ಇಂಜಿನ್ ತೀರ್ಮಾನಿಸುತ್ತದೆ. ಯಾವ ಭಾಗ ಕಳೆದುಕೊಂಡರೆ ಸಾಯುತ್ತೀರಿ, ಯಾವುದನ್ನು ಕಳೆದುಕೊಂಡೂ ಬದುಕುತ್ತೀರಿ ಎಂಬ ಲೆಕ್ಕ ಅಲ್ಲೇ ಶುರುವಾಗುತ್ತದೆ. ಅದಕ್ಕೇ ಒಂದೇ ಮೆಕ್ ಇಟ್ಟುಕೊಂಡು ಸ್ಟ್ಯಾಂಡರ್ಡ್, ಎಕ್ಸ್‌ಎಲ್, ಲೈಟ್ ಈ ಮೂರು ಇಂಜಿನ್‌ಗಳನ್ನೂ ಬದಲಿಸುತ್ತಾ ಆಡಿದೆ.

ಮೆಕ್ ಯಾವುದೆಂದರೆ ಹಂಚ್‌ಬ್ಯಾಕ್ 4ಜಿ. 50 ಟನ್ನಿನ ಮೀಡಿಯಂ, ಬಲ ಹೆಗಲ ಮೇಲೆ ದೊಡ್ಡ ಗೂನು, ಆ ಗೂನಿನಲ್ಲಿ ಒಂದೇಟಿಗೆ 20 ಅಂಕ ಹೊಡೆಯುವ ಎಸಿ/20 ಫಿರಂಗಿ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಮೆಕ್ ಸಿಗಲಿಕ್ಕಿಲ್ಲ. ಏಕೆಂದರೆ ಇದರ ದೊಡ್ಡ ಗನ್ ಎಲ್ಲಿದೆ ಅಂತ ಎದುರಾಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಗುಡ್ಡದ ಅಂಚಿನಿಂದ ಇಣುಕಿದರೆ ಮೊದಲು ಕಾಣುವುದೇ ಆ ಗೂನು, ಮೊದಲ ಗುಂಡು ಬೀಳುವುದೂ ಅಲ್ಲಿಗೇ.

ಆಡದವರಿಗಾಗಿ ನಿಯಮ ಸ್ವಲ್ಪ ಹೇಳಿಬಿಡುತ್ತೇನೆ. ತಲೆ ಹೋದರೆ ಸಾವು. ನಡು ಎದೆ, ಅಂದರೆ ಸೆಂಟರ್ ಟಾರ್ಸೋ ಹೋದರೆ ಸಾವು. ಎರಡೂ ಕಾಲು ಹೋದರೆ ಸಾವು. ಪಕ್ಕದ ಟಾರ್ಸೋ ಹೋದರೆ ಅದಕ್ಕೆ ಅಂಟಿಕೊಂಡ ತೋಳೂ ಜೊತೆಗೇ ಹೋಗುತ್ತದೆ, ಆದರೆ ಸಾಯುತ್ತೀರೋ ಇಲ್ಲವೋ ಎನ್ನುವುದು ಇಂಜಿನ್ ಮೇಲೆ ನಿಂತಿದೆ. ಸ್ಟ್ಯಾಂಡರ್ಡ್ ಇಂಜಿನ್ ಪೂರ್ತಿಯಾಗಿ ನಡು ಎದೆಯೊಳಗೇ ಕೂರುತ್ತದೆ, ಎರಡೂ ಪಕ್ಕ ಹಾರಿಹೋದರೂ ಮೆಕ್ ನಡೆಯುತ್ತಿರುತ್ತದೆ. ಎಕ್ಸ್‌ಎಲ್ ತೂಕದಲ್ಲಿ ಸುಮಾರು ಅರ್ಧ, ಆದರೆ ಎರಡೂ ಪಕ್ಕಗಳಲ್ಲಿ ಮೂರು ಮೂರು ಸ್ಲಾಟ್‌ಗೆ (ಸಾಮಾನು ಕೂರಿಸುವ ಖಾನೆ) ಚಾಚಿಕೊಳ್ಳುತ್ತದೆ, ಒಂದು ಪಕ್ಕ ಹೋದರೂ ಆಟ ಮುಗಿಯಿತು. 2017ರಲ್ಲಿ ಬಂದ ಲೈಟ್ ಇಂಜಿನ್ ಇವೆರಡರ ನಡುವಿನದು: ತೂಕ ಮುಕ್ಕಾಲು ಭಾಗ, ಪಕ್ಕಕ್ಕೆ ಎರಡೆರಡೇ ಸ್ಲಾಟ್. ಒಂದು ಪಕ್ಕ ಹೋದರೆ ವೇಗ ಇಳಿಯುತ್ತದೆ, ಮೆಕ್ ಬೇಗ ಬಿಸಿಯಾಗುತ್ತದೆ, ಆದರೆ ಜೀವ ಉಳಿಯುತ್ತದೆ. ಎರಡೂ ಹೋದರೆ ಮಾತ್ರ ಸಾವು. ಇದೆಲ್ಲ ಆಟದ ಎರಡು ಬಣಗಳಲ್ಲಿ ಒಂದಾದ ಇನ್ನರ್ ಸ್ಫಿಯರ್ ಮೆಕ್‌ಗಳ ಮಾತು. ಇನ್ನೊಂದು ಬಣವಾದ ಕ್ಲ್ಯಾನ್‌ನ ಎಕ್ಸ್‌ಎಲ್ ಪಕ್ಕಕ್ಕೆ ಎರಡೇ ಸ್ಲಾಟ್ ತಿನ್ನುವುದರಿಂದ ಒಂದು ಪಕ್ಕ ಕಳೆದುಕೊಂಡೂ ಬದುಕುತ್ತದೆ.

ಈಗ ತೂಕಕ್ಕೆ ಬರೋಣ. ಮೂರಕ್ಕೂ 250 ರೇಟಿಂಗ್, ಅಂದರೆ ಇಂಜಿನ್‌ನ ಬಲದ ಅಂಕ, ಇಟ್ಟೆ. 50 ಟನ್ನಿಗೆ ಅದು ಗಂಟೆಗೆ 81 ಕಿಲೋಮೀಟರ್ ವೇಗ ಕೊಡುತ್ತದೆ, ಬಿಸಿ ಹೊರಹಾಕುವ ಹತ್ತು ಹೀಟ್ ಸಿಂಕ್‌ಗಳೂ ಇಂಜಿನ್ ಒಳಗೇ ಕೂರುತ್ತವೆ. ಗೈರೋ, ಕಾಕ್‌ಪಿಟ್ ಸೇರಿ ಸ್ಟ್ಯಾಂಡರ್ಡ್ 18.5 ಟನ್, ಲೈಟ್ 15.5, ಎಕ್ಸ್‌ಎಲ್ 12.5. ಹಗುರ ಅಸ್ಥಿಪಂಜರವಾದ ಎಂಡೋ ಸ್ಟೀಲ್ ಹಾಕಿ, 338 ಅಂಕಗಳ ಪೂರ್ತಿ ಆರ್ಮರ್ ಹೊದಿಸಿ, 14 ಟನ್ನಿನ ಎಸಿ/20 ಮತ್ತು ಅದಕ್ಕೆ ಮೂರು ಟನ್ ಗುಂಡು ತುಂಬಿದರೆ ಸ್ಟ್ಯಾಂಡರ್ಡ್‌ನಲ್ಲಿ ಉಳಿಯುವುದು ಒಂದೂವರೆ ಟನ್ನಿನಷ್ಟು. ಒಂದು ಮೀಡಿಯಂ ಲೇಸರ್ ಹಾಕಿದರೆ ಅದೂ ಮುಗಿಯಿತು. ಲೈಟ್‌ನಲ್ಲಿ ನಾಲ್ಕೂವರೆ ಟನ್ ಹತ್ತಿರ ಉಳಿಯುತ್ತದೆ, ಎರಡು ತೋಳಿಗೆ, ತಲೆಗೆ ಒಂದೊಂದರಂತೆ ಮೂರೂ ಲೇಸರ್ ಕೂರುತ್ತವೆ, ಮೇಲೆ ಒಂದು ಹೀಟ್ ಸಿಂಕ್‌ಗೂ ಜಾಗವಿದೆ.

ಎಕ್ಸ್‌ಎಲ್? ಅದರಲ್ಲಿ ಎಸಿ/20 ಹಿಡಿಸುವುದೇ ಇಲ್ಲ. ಪಕ್ಕದ ಟಾರ್ಸೋದಲ್ಲಿ ಇರುವುದು 12 ಸ್ಲಾಟ್, ಎಸಿ/20 ಕೇಳುವುದು 10. ಎಕ್ಸ್‌ಎಲ್ ಮೂರು ತಿಂದ ಮೇಲೆ ಒಂಬತ್ತೇ ಉಳಿಯುತ್ತದೆ. ಲೈಟ್ ಇಂಜಿನ್ ಎರಡು ತಿಂದು ಸರಿಯಾಗಿ ಹತ್ತನ್ನು ಬಿಡುತ್ತದೆ, ಗನ್ ಅಂಚಿಗೆ ಅಂಚು ತಾಗಿ ಕೂರುತ್ತದೆ. ಮೆಕ್‌ಲ್ಯಾಬ್ ಪರದೆಯಲ್ಲಿ ಬಲ ಪಕ್ಕದ ಹನ್ನೆರಡೂ ಗೆರೆ ತುಂಬಿದ್ದನ್ನು ನೋಡುವುದೇ ನನಗೆ ಖುಷಿ.

ಹಾಗಾಗಿ ಎಕ್ಸ್‌ಎಲ್ ಪರೀಕ್ಷೆಗೆ ಗೂನಿನಲ್ಲಿ ಎರಡು ಎಸಿ/5 ಹಾಕಿದೆ. ಒಟ್ಟು ಎಂಟು ಸ್ಲಾಟ್, 16 ಟನ್. ಆರುನೂರು ಮೀಟರ್ ಆಸುಪಾಸಿನಿಂದ ಹೊಡೆಯುವ ಬಿಲ್ಡ್. ದೂರದಲ್ಲಿ ನಿಂತಷ್ಟು ಹೊತ್ತು ಇದು ನಿಜಕ್ಕೂ ಚೆನ್ನಾಗಿದೆ, ಬೆಟ್ಟದ ನೆತ್ತಿಯಿಂದ ಗೂನನ್ನಷ್ಟೇ ಎತ್ತಿ ಹೊಡೆದು ಇಳಿಯಬಹುದು. ತೊಂದರೆ ಎಲ್ಲಿ ಅಂದರೆ, ಎತ್ತಿ ತೋರಿಸುವ ಆ ಗೂನೇ ಪ್ರಾಣವೂ ಆಗಿಬಿಡುತ್ತದೆ. ಲೆಕ್ಕ ನೋಡಿ: ಕ್ವರ್ಕ್ (ಆಯಾ ಮೆಕ್‌ಗೆ ಆಟವೇ ಕೊಡುವ ಹೆಚ್ಚುವರಿ), ಸ್ಕಿಲ್ ಯಾವುದನ್ನೂ ಸೇರಿಸದೆ ಬಲ ಪಕ್ಕದ ಆರ್ಮರ್ ಮಿತಿ ಹಿಂದೆ-ಮುಂದೆ ಸೇರಿ 48. ಅದರಲ್ಲಿ 40 ಮುಂದಕ್ಕೆ ಹಾಕಿದರೆ, ಒಳಗಿನ ಅಸ್ಥಿಪಂಜರದ 24 ಸೇರಿ 64 ಅಂಕ. ನಡು ಎದೆಯಲ್ಲಿ ಮುಂದೆ 56, ಒಳಗೆ 32, ಒಟ್ಟು 88. ಅಂದರೆ ಎಕ್ಸ್‌ಎಲ್ ಹಾಕಿದ ಕ್ಷಣದಲ್ಲೇ ಪ್ರಾಣದ ಬೆಲೆ 88ರಿಂದ 64ಕ್ಕೆ ಇಳಿಯುತ್ತದೆ, ಅದೂ ಎಲ್ಲರೂ ಗುರಿಯಿಡುವ ಜಾಗದಲ್ಲೇ. ಎದುರಿನ ಎಸಿ/20 ನಾಲ್ಕು ಸಲ ಗೂನಿಗೆ ತಾಗಿದರೆ ಸಾಕು. ಉಳಿದ ಭಾಗಗಳ ಆರ್ಮರ್‌ನಲ್ಲಿ ಗೀರೂ ಬಿದ್ದಿರುವುದಿಲ್ಲ, ನೀವು ಮಾತ್ರ ವೀಕ್ಷಕರ ಕ್ಯಾಮೆರಾದಲ್ಲಿ ಕೂತಿರುತ್ತೀರಿ. ಗೂನಿರುವ ಹಂಚ್‌ಬ್ಯಾಕ್‌ಗೆ ಎಕ್ಸ್‌ಎಲ್ ಬೇಡ, ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಹಾಗಂತ ಎಕ್ಸ್‌ಎಲ್ ಅನ್ನೇ ದೂರಬೇಡಿ, ಮೆಕ್ ಆಕಾರ ನೋಡಿ. ಕ್ಯಾಟಪಲ್ಟ್, ಡ್ರ್ಯಾಗನ್‌ಗಳಲ್ಲಿ ನಡು ಎದೆ ಮೂಗಿನಂತೆ ಮುಂದೆ ಚಾಚಿಕೊಂಡು ಬಹುಪಾಲು ಏಟನ್ನು ತಾನೇ ತಿನ್ನುತ್ತದೆ. ಪಕ್ಕ ಹೋಗುವ ಹೊತ್ತಿಗೆ ನಡುವೂ ಹೋಗುವುದಾದರೆ ಎಕ್ಸ್‌ಎಲ್‌ನಿಂದ ಕಳೆದುಕೊಳ್ಳುವುದು ಕಡಿಮೆ. ಲೋಕಸ್ಟ್‌ನಂಥ 20 ಟನ್ನಿನ ಮೆಕ್‌ಗಳಿಗೂ ಎಕ್ಸ್‌ಎಲ್ಲೇ ಸರಿ, ಅವುಗಳ ಕಾಪು ಇರುವುದೇ ಓಟದಲ್ಲಿ.

ಇನ್ನು ನಿಜವಾದ ಪೈಪೋಟಿ ಸ್ಟ್ಯಾಂಡರ್ಡ್‌ಗೂ ಲೈಟ್‌ಗೂ ನಡುವೆ. ಇಲ್ಲಿ ಮಾತು ಸುಲಭವಲ್ಲ.

ಸ್ಟ್ಯಾಂಡರ್ಡ್ ಹಾಕಿದ ಹಂಚ್‌ಬ್ಯಾಕ್ ಸಾಯಲು ಒಪ್ಪುವುದೇ ಇಲ್ಲ. ಉಳಿದ ಒಂದೇ ಲೇಸರ್ ಅನ್ನು ತೋಳಿಗೆ ಹಾಕದೆ ತಲೆಗೆ ಹಾಕಿ, ಅದು ಇದರಲ್ಲಿ ಬಹಳ ಮುಖ್ಯ. ಗೂನು ಹೋಗಿ, ಎಡ ಪಕ್ಕವೂ ಹೋಗಿ, ಎರಡೂ ತೋಳು ಇಲ್ಲದೆ ಬರೀ ಕಾಲು, ಎದೆ, ತಲೆ ಉಳಿದ ಮೇಲೂ ಆ ಲೇಸರ್ ಉರಿಯುತ್ತಿರುತ್ತದೆ. ಆಟಗಾರರು ಇದನ್ನು ಜೋಂಬಿ ಅನ್ನುತ್ತಾರೆ. ಹಾರಿಹೋದ ಪಕ್ಕಕ್ಕೆ ಬಿದ್ದ ಏಟು ಪೂರ್ತಿಯಾಗಿ ನಡುವಿಗೆ ದಾಟುವುದಿಲ್ಲ, ತಗ್ಗಿ ದಾಟುತ್ತದೆ. ಹಾಗಾಗಿ ಸತ್ತ ಪಕ್ಕವನ್ನೇ ಎದುರಾಳಿಯತ್ತ ತಿರುಗಿಸಿಕೊಂಡು ನಿಂತರೆ ನಂಬಲಾಗದಷ್ಟು ಹೊತ್ತು ತಾಳಿಕೊಳ್ಳಬಹುದು. ಕಾಂಕ್ವೆಸ್ಟ್‌ನಲ್ಲಿ ಒಂದು ನೆಲೆಯ ಮೇಲೆ, ಡಾಮಿನೇಷನ್‌ನಲ್ಲಿ ವೃತ್ತದೊಳಗೆ, ಹೀಗೆ ಜೀವ ಹಿಡಿದುಕೊಂಡ ಒಂದು ಮೆಕ್ ಪಂದ್ಯವನ್ನೇ ತಿರುಗಿಸಿಬಿಡುತ್ತದೆ. ಅಡ್ಡಿ ಇರುವುದು ಒಂದೇ: ಮೆಕ್ ಆರಿಸಿ ಸಾಲಿಗೆ ನಿಂತ ಮೇಲೇ ನಕ್ಷೆ ಮತ್ತು ಮೋಡ್‌ಗೆ ಮತ ಹಾಕುವುದು. ಕಾಂಕ್ವೆಸ್ಟ್ ಬರುತ್ತದೆಂದು ಲೆಕ್ಕ ಹಾಕಿ ಇಂಜಿನ್ ಬದಲಿಸಿಕೊಳ್ಳಲು ಆಗುವುದಿಲ್ಲ. ಎದುರಾಳಿಗಳನ್ನು ಮುಗಿಸುವುದಷ್ಟೇ ಗುರಿಯಾದ ಸ್ಕಿರ್ಮಿಷ್ ಬಂದರೆ ಕೊನೆಗೆ ಐದು ಅಂಕ ಹೊಡೆಯುವ ಒಂಟಿ ಲೇಸರ್ ಹಿಡಿದು ಮೂರು ಮೆಕ್‌ಗಳ ಎದುರು ನಿಂತಿರುತ್ತೀರಿ.

ಲೈಟ್ ಇಂಜಿನ್‌ನ ಲಾಭ ಕಾಣುವುದು ಕೊನೆಯಲ್ಲಲ್ಲ, ಮೊದಲ ಮುಖಾಮುಖಿಯಲ್ಲಿ. ಎಸಿ/20ಕ್ಕೂ ಮೀಡಿಯಂ ಲೇಸರ್‌ಗೂ ಪರಿಣಾಮದ ದೂರ ಒಂದೇ, 270 ಮೀಟರ್. ಮೂಲೆ ತಿರುಗಿ ಹೊರಬಂದಾಗ ಇಪ್ಪತ್ತಕ್ಕೆ ಹದಿನೈದು ಸೇರಿ ಒಮ್ಮೆಲೇ ಮೂವತ್ತೈದು ಬೀಳುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಇಪ್ಪತ್ತೈದು. ಎದುರಿನವನ ಗನ್ ಎರಡು ಸುತ್ತು ಮೊದಲೇ ಸದ್ದಡಗಿದರೆ ನನ್ನ ಮೈಮೇಲೆ ಬೀಳುವ ಏಟೂ ಅಷ್ಟು ಕಡಿಮೆ. ಬಲ ಪಕ್ಕ ಹೋದ ಮೇಲೂ ಎಡ ತೋಳು, ತಲೆ ಎರಡರಲ್ಲೂ ಲೇಸರ್ ಇರುತ್ತದೆ, ನಿಧಾನವಾದರೂ ತಂಡದ ಹಿಂದೆ ನಿಂತು ಹೊಡೆಯಬಹುದು. ನನ್ನ ಕೈಯಲ್ಲಿ ಹೆಚ್ಚು ಪಂದ್ಯಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಇದೇ. ಇಂಜಿನ್ ತುಟ್ಟಿ, ನಿಜ. ಆದರೆ ಒಮ್ಮೆ ಕೊಂಡ ಇಂಜಿನ್ ಅನ್ನು ಬಿಚ್ಚಿ ಬೇರೆ ಇನ್ನರ್ ಸ್ಫಿಯರ್ ಮೆಕ್‌ಗೆ ಹಾಕಬಹುದು. ಆಟದ ಹಣವಾದ ಸಿ-ಬಿಲ್ ಇನ್ನೂ ಕೂಡಿಸುತ್ತಿರುವವರು ಸ್ಟ್ಯಾಂಡರ್ಡ್‌ನಲ್ಲೇ ಆಡಲಿ, ಏನೂ ನಷ್ಟವಿಲ್ಲ. 250ಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ. 200 ರೇಟಿಂಗ್‌ನಲ್ಲಿ ವೇಗ 64.8ಕ್ಕೆ ಬೀಳುತ್ತದೆ, ಒಳಗೆ ಹಿಡಿಸದ ಎರಡು ಹೀಟ್ ಸಿಂಕ್‌ಗಳಿಗೆ ಹೊರಗೆ ಜಾಗ ಹುಡುಕಬೇಕು, ತಂಡ ಮುಂದೆ ಹೋದಾಗ ಹಿಂದೆ ಉಳಿದವನನ್ನು ಬೇಟೆಯಾಡಲು ಎದುರಾಳಿಯ ಹಗುರ ಮೆಕ್‌ಗಳು ಕಾಯುತ್ತಿರುತ್ತವೆ.

ಇಂಜಿನ್ ಯಾವುದಾದರೂ ಇರಲಿ, ಈ ಮೆಕ್ಕನ್ನು ಉಳಿಸುವುದು ತಿರುಗುವಿಕೆ. ಗುಂಡು ಹೊಡೆದ ತಕ್ಷಣ ಎದೆಯನ್ನು ಬಲಕ್ಕೆ ತಿರುಗಿಸಿ, ಖಾಲಿ ಎಡ ತೋಳು ಎಡ ಹೆಗಲು ಎದುರಾಳಿಗೆ ಕಾಣಲಿ. ಗನ್ ಮತ್ತೆ ತುಂಬಿಕೊಳ್ಳುವಾಗ ಎದುರು ನೋಡುತ್ತಾ ನಿಲ್ಲುವುದರಿಂದ ಏನೂ ಸಿಗದು. ತುಂಬಿತು ಅನ್ನುವಾಗ ಎದುರಾಳಿಯತ್ತ ಮುಖ ತಿರುಗಿಸಿ, ಹೊಡೆದು, ಮತ್ತೆ ಹೊರಳಿ. ಈ ಚಲನೆ ಕೈಗೆ ಕೂತರೆ ಆ 338 ಅಂಕಗಳ ಆರ್ಮರ್ ಪೂರ್ತಿ ಖರ್ಚಾದ ಮೇಲೇ ಸಾಯುತ್ತೀರಿ. ಲೈಟ್ ಇಂಜಿನ್‌ನ ಬಿಲ್ಡ್‌ನಲ್ಲಿ ಎಡ ತೋಳಿನಲ್ಲೂ ಲೇಸರ್ ಇರುತ್ತದಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ಒಂದು ಟನ್ನಿನ ಲೇಸರ್ ಕೊಟ್ಟು 14 ಟನ್ನಿನ ಗನ್ ಉಳಿಸಿಕೊಳ್ಳುವ ವ್ಯಾಪಾರ ಅದು, ಧೈರ್ಯವಾಗಿ ಕೊಡಿ.

ಗುಂಡುಗಳನ್ನು ಎಲ್ಲಿಡಬೇಕು ಎಂಬುದಕ್ಕೂ ಎರಡು ದಾರಿ ನೋಡಿದೆ. ಎಡ ಪಕ್ಕದಲ್ಲಿ ಇಟ್ಟು ಅರ್ಧ ಟನ್ನಿನ ಕೇಸ್ ಹಾಕುವುದು ಒಂದು, ಕಾಲುಗಳಲ್ಲಿ ತುಂಬುವುದು ಇನ್ನೊಂದು. ಕೇಸ್ ಇದ್ದರೆ ಸ್ಫೋಟ ನಡು ಎದೆಗೆ ಹರಡುವುದಿಲ್ಲ, ಆದರೆ ಆ ಪಕ್ಕವಂತೂ ಹೋಗಬಹುದು, ಎಡ ಪಕ್ಕವೇ ನಮ್ಮ ಗುರಾಣಿ ಎನ್ನುವುದನ್ನು ಮರೆಯುವಂತಿಲ್ಲ. ಕಾಲಿಗೆ ಎರಡೆರಡು ಸ್ಲಾಟ್ ಸಿಗುತ್ತದೆ, ಮೂರು ಟನ್ ಅಲ್ಲೇ ಹಿಡಿಸುತ್ತದೆ. ಕಾಲಿನ ಆರ್ಮರ್ ಕಳಚುವ ಹೊತ್ತಿಗೆ ಬಹುಪಾಲು ಗುಂಡು ಖರ್ಚಾಗಿರುತ್ತದೆ. ಕಾಲೇ ಸರಿ.

ಹಿಂಬದಿ ಆರ್ಮರ್ ಬಗ್ಗೆ ವಾದ ಮುಗಿಯುವಂಥದ್ದಲ್ಲ. ಬೆನ್ನಿಗೆ ನಾಲ್ಕೇ ಅಂಕ ಬಿಟ್ಟು ಉಳಿದದ್ದೆಲ್ಲ ಮುಂದಕ್ಕೆ ಎನ್ನುವವರಿದ್ದಾರೆ, ಅವರು ಸದಾ ಗೋಡೆಗೆ ಬೆನ್ನು ಕೊಟ್ಟು ಆಡುವವರು. ಅಪರಿಚಿತರ ಜೊತೆ ಆಡುವಾಗ ನಾನು ಮೂರೂ ಕಡೆ ಎಂಟೆಂಟು ಇಡುತ್ತೇನೆ. ಬೆನ್ನ ಹಿಂದೆ ಬಂದ ಮೆಷಿನ್ ಗನ್ ಸದ್ದು ಕೇಳಿ ತಿರುಗುವಷ್ಟು ಹೊತ್ತು ಅದು ಕೊಡುತ್ತದೆ, ನಾಲ್ಕು ಅಂಕ ಕೊಡುವುದಿಲ್ಲ.

ಎಂಡೋ ಸ್ಟೀಲೋ, ಹಗುರ ಆರ್ಮರ್ ಆದ ಫೆರೋ ಫೈಬ್ರಸ್ಸೋ ಎಂದರೆ ಯೋಚಿಸಲು ಏನೂ ಇಲ್ಲ. ಇನ್ನರ್ ಸ್ಫಿಯರ್‌ನಲ್ಲಿ ಎರಡೂ ಕೇಳುವುದು 14 ಸ್ಲಾಟ್. ಎಂಡೋ ಈ ಮೆಕ್‌ಗೆ 2.5 ಟನ್ ಉಳಿಸುತ್ತದೆ, ಫೆರೋ ಒಂದು ಟನ್ನಿಗೆ ಸ್ವಲ್ಪ ಮೇಲೆ.

ಸ್ಕಿಲ್ ಟ್ರೀಯ 91 ಅಂಕಗಳಲ್ಲಿ ಸರ್ವೈವಲ್ ವಿಭಾಗವನ್ನೇ ತುಂಬಿಸಿದ ಹಂಚ್‌ಬ್ಯಾಕನ್ನೂ, ಅದರಲ್ಲಿ ಒಂದಷ್ಟನ್ನು ಮೊಬಿಲಿಟಿಗೆ ಕೊಟ್ಟದ್ದನ್ನೂ ಆಡಿ ನೋಡಿದೆ. ಆರ್ಮರ್ ಹಾರ್ಡನಿಂಗ್, ಸ್ಕೆಲಿಟಲ್ ಡೆನ್ಸಿಟಿ ಎರಡನ್ನೂ ಬಿಡಬೇಡಿ. ಆದರೆ ಸರ್ವೈವಲ್ ಮೂಲೆಗಳಲ್ಲಿ ಉಳಿಯುವ ಎಎಂಎಸ್ ಓವರ್‌ಲೋಡ್‌ನಂಥವು ಎಎಂಎಸ್ (ಬರುವ ಕ್ಷಿಪಣಿಗಳನ್ನು ಹೊಡೆದುರುಳಿಸುವ ಗನ್) ಇಲ್ಲದ ಮೆಕ್‌ಗೆ ದಂಡ. ಆ ಅಂಕಗಳನ್ನು ಟಾರ್ಸೋ ತಿರುಗುವ ವೇಗಕ್ಕೆ ಕೊಟ್ಟರೆ ಮೇಲೆ ಹೇಳಿದ ಹೊರಳಾಟ ಚುರುಕಾಗುತ್ತದೆ. ದೂರದ ಕ್ಷಿಪಣಿಗಳ ಕಾಟಕ್ಕೆ ರೇಡಾರ್ ಡೆಪ್ರಿವೇಷನ್ ಸಾಕು, ಕಲ್ಲಿನ ಹಿಂದೆ ಸರಿದ ಕೂಡಲೇ ಅವರ ಲಾಕ್ ಕಳಚುತ್ತದೆ. ಇನ್ನೂ ಹತ್ತಿರ, 180 ಮೀಟರ್ ಒಳಗೆ ನುಗ್ಗಿದರೆ ಇನ್ನರ್ ಸ್ಫಿಯರ್‌ನ ಎಲ್‌ಆರ್‌ಎಂ, ಅಂದರೆ ಆ ದೂರದ ಕ್ಷಿಪಣಿ, ಏನೂ ಮಾಡಲಾರದು, ಎಸಿ/20ಗೆ ಅದೇ ಇಷ್ಟದ ದೂರ.