ಒಂದೇ ಜಿಯೋಪೈ, ಎರಡು ಸೇವೆಗಳು: ವಿಜಯಪುರದ ವಿಳಾಸಗಳನ್ನು ನಕ್ಷೆಗೆ ಏರಿಸಿದಾಗ

ನಮ್ಮ ಮನೆಯವರು ವಿಜಯಪುರದಲ್ಲಿ ನಡೆಸುವ ಜೋಳದ ರೊಟ್ಟಿಯ ವ್ಯಾಪಾರಕ್ಕೆ ಈಗ 612 ಕಾಯಂ ಗಿರಾಕಿಗಳಿದ್ದಾರೆ. ರೊಟ್ಟಿ ಮುಟ್ಟಿಸುವ ಹುಡುಗರಿಗೆ ದಾರಿ ಹಾಕಿಕೊಡಲು ಅಷ್ಟೂ ವಿಳಾಸಗಳನ್ನು ಅಕ್ಷಾಂಶ, ರೇಖಾಂಶಗಳಾಗಿ ಬದಲಿಸಬೇಕಾಗಿತ್ತು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ಜಿಯೋಪೈ ಲೈಬ್ರರಿ ಈ ಕೆಲಸಕ್ಕೆ ವಿಳಾಸ ಹುಡುಕುವ ಬೇರೆ ಬೇರೆ ಸೇವೆಗಳನ್ನು ಕೇಳುತ್ತದೆ; ಸೇವೆ ಯಾವುದೇ ಇರಲಿ, ಕೋಡ್ ಹೆಚ್ಚುಕಡಿಮೆ ಅದೇ ಇರುತ್ತದೆ. ಹೀಗಾಗಿ ಮೊದಲು ಹಣ ಕೊಟ್ಟು ಪಡೆದ ಒಂದು ವಾಣಿಜ್ಯ ಸೇವೆಯನ್ನೂ, ಅದರಿಂದ ಕೈಸುಟ್ಟುಕೊಂಡ ಮೇಲೆ ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ದತ್ತಾಂಶವನ್ನು ಆಧರಿಸಿದ ಉಚಿತ ಸೇವೆ ನೊಮಿನಾಟಿಮ್ ಅನ್ನೂ ಅದೇ ಪಟ್ಟಿಯ ಮೇಲೆ ಓಡಿಸಿದೆ. ಈಗ ನನ್ನ ಬಳಕೆಯಲ್ಲಿ ಉಳಿದಿರುವುದು ನೊಮಿನಾಟಿಮ್.

ವಾಣಿಜ್ಯ ಸೇವೆ 612 ವಿಳಾಸಗಳಿಗೂ ಉತ್ತರ ಕೊಟ್ಟಿತು, ಮತ್ತು ನನಗೆ ಮುಳುವಾದದ್ದೇ ಅದು. ಚುಕ್ಕೆಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದಾಗ ಹತ್ತೊಂಬತ್ತು ಗಿರಾಕಿಗಳು ಸುಮಾರು 450 ಕಿಲೋಮೀಟರ್ ದೂರದ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಪಟ್ಟಣಕ್ಕೆ ಹೋಗಿ ಕುಳಿತಿದ್ದರು. 2014ರ ನವೆಂಬರ್ 1ರಂದು ನಮ್ಮ ಬಿಜಾಪುರ ಅಧಿಕೃತವಾಗಿ ವಿಜಯಪುರವಾದ ಮೇಲೆ ಕರ್ನಾಟಕದೊಳಗೇ ಈ ಗೊಂದಲ ಹುಟ್ಟಿಕೊಂಡಿದೆ. ಹಳೆಯ ಹೆಸರನ್ನೇ ಕೊಡೋಣವೆಂದರೆ ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರವಿದೆ. ಆ ಸೇವೆಗೆ ಪ್ರದೇಶದ ಗಡಿ ಹಾಕಿಕೊಟ್ಟರೂ ಅದು ಅದನ್ನು ಬರೀ ಒಲವೆಂದು ಎಣಿಸಿತೇ ಹೊರತು ಕಟ್ಟಳೆಯೆಂದು ಪಾಲಿಸಲಿಲ್ಲ.

ಇದಕ್ಕಿಂತ ಹೆಚ್ಚು ಕಾಡಿದ್ದು ಊರೊಳಗಿನ ತಪ್ಪು. ಮನೆ ಸಿಗದಿದ್ದಾಗ ಆ ಸೇವೆ ಸದ್ದಿಲ್ಲದೆ ನಗರದ ನಡುಮಧ್ಯದ ಬಿಂದುವನ್ನು ಕೊಟ್ಟುಬಿಡುತ್ತಿತ್ತು. ಹೊಂದಿಕೆ ಭಾಗಶಃ ಎಂಬ ಸೂಚನೆ ಜಿಯೋಪೈ ಕೊಡುವ ಉತ್ತರದ 'ರಾ' ಭಾಗದಲ್ಲಿ, ಅಂದರೆ ಸೇವೆ ಕಳಿಸಿದ ಮೂಲ ಉತ್ತರದಲ್ಲಿ, ಇರುತ್ತದೆ, ಆದರೆ ನಾನು ಅದನ್ನು ತೆರೆದು ನೋಡಿರಲಿಲ್ಲ. ಮರುದಿನ ಜಲನಗರದ ಗಿರಾಕಿಯೊಬ್ಬರು ಫೋನ್ ಮಾಡಿ "ಎಲ್ಲಿ ಅದಾನ್ರೀ ನಿಮ್ಮ ಹುಡುಗ?" ಎಂದು ಕೇಳುವ ಹೊತ್ತಿಗೆ ಹುಡುಗ ಗಾಂಧಿ ಚೌಕದಲ್ಲಿ ರೊಟ್ಟಿಯ ಕಟ್ಟು ಹಿಡಿದು ಮನೆ ಹುಡುಕುತ್ತಿದ್ದ. ಒಂದೇ ಬಿಂದುವಿನ ಮೇಲೆ ನಲವತ್ತೊಂದು ಮನೆಗಳು ಪೇರಿಕೊಂಡಿದ್ದವೆಂದು ಸಂಜೆ ಎಣಿಸಿದಾಗ ಗೊತ್ತಾಯಿತು.

ನೊಮಿನಾಟಿಮ್‌ಗೆ (16.75, 75.65) ಮತ್ತು (16.90, 75.80) ಎಂಬ ಎರಡು ಮೂಲೆಗಳನ್ನು 'ವ್ಯೂಬಾಕ್ಸ್' ಆಗಿ ಕೊಟ್ಟು 'ಬೌಂಡೆಡ್' ಎಂದು ಸೇರಿಸಿದರೆ ಆ ಚೌಕದ ಹೊರಗಿನ ಯಾವ ಉತ್ತರವೂ ಬರುವುದಿಲ್ಲ. ಸಿಗದಿದ್ದರೆ 'ನನ್' (None, ಅಂದರೆ ಏನೂ ಇಲ್ಲ) ಬರುತ್ತದೆ. ಮೊದಲ ಸಲ ನಾಲ್ಕರಲ್ಲಿ ಒಂದು ಪಾಲು 'ನನ್' ಬಂದವು, ಏಕೆಂದರೆ ನಮ್ಮ ಜನ ವಿಳಾಸವನ್ನು "ಗುಡಿಯ ಹಿಂದೆ", "ಟಾಕಿಯ ಎದುರು" ಎಂದು ಬರೆಸುತ್ತಾರೆ. ಅಂಥ ಪದಗಳನ್ನೂ ಮನೆ ನಂಬರನ್ನೂ ತೆಗೆದು ಬಡಾವಣೆ ಮತ್ತು ಪಿನ್ ಮಾತ್ರ ಉಳಿಸಿದಾಗ ಬಹುಪಾಲು ಸಿಕ್ಕವು. ಬಡಾವಣೆಯ ಮಟ್ಟದ ನಿಖರತೆ ನನಗೆ ಸಾಕು. ಓಣಿಯೊಳಗೆ ಹೋದ ಮೇಲೆ ಹುಡುಗರಿಗೆ ನಕ್ಷೆ ಬೇಕಿಲ್ಲ. ಮನೆಬಾಗಿಲಿನ ಬಿಂದುವೇ ಬೇಕೆನ್ನುವವರಿಗೆ ವಾಣಿಜ್ಯ ಸೇವೆಯೇ ಮೇಲು, ಅದನ್ನು ಒಪ್ಪುತ್ತೇನೆ.

ಜಿಯೋಪೈನಲ್ಲಿ ಅಕ್ಷಾಂಶ ಮೊದಲು ಬರುತ್ತದೆ, ನಕ್ಷೆಯ ಬಿಂದುಗಳನ್ನು ಬರೆದಿಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು. ಅದನ್ನು ಮರೆತು ಒಮ್ಮೆ ಇಡೀ ವಿಜಯಪುರವನ್ನು ಸ್ಪಿಟ್ಸ್‌ಬರ್ಗನ್ ದ್ವೀಪದ ತೆಂಕಣ ಸಮುದ್ರಕ್ಕೆ ನೂಕಿದ್ದೆ.

ವೇಗದಲ್ಲಿ ನೊಮಿನಾಟಿಮ್ ಹಿಂದೆ. ಸಾರ್ವಜನಿಕ ಸರ್ವರ್‌ಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೋರಿಕೆ ಕಳಿಸಬಾರದು, ನಮ್ಮ ಪ್ರೋಗ್ರಾಂನ ಗುರುತನ್ನು 'ಯೂಸರ್ ಏಜೆಂಟ್' ಆಗಿ ಕೊಡಲೇಬೇಕು. ಕೋರಿಕೆಗಳ ನಡುವೆ ಬಿಡುವು ಕೊಡುವ, ಜಿಯೋಪೈನಲ್ಲೇ ಇರುವ 'ರೇಟ್ ಲಿಮಿಟರ್' ಹಾಕಿದರೆ 612 ವಿಳಾಸಗಳಿಗೆ ಹತ್ತು ನಿಮಿಷ ದಾಟುತ್ತದೆ. ಅಷ್ಟರಲ್ಲಿ ನಾನು ಚಹಾ ಕುಡಿದು ಬರುತ್ತೇನೆ. ಉತ್ತರಕ್ಕೆ ಕಾಯುವ ಗಡುವು (ಟೈಮ್‌ಔಟ್) ಮೊದಲೇ ಒಂದು ಸೆಕೆಂಡಿಗೆ ನಿಗದಿಯಾಗಿರುವುದರಿಂದ ಅದನ್ನು ಹತ್ತಕ್ಕೆ ಏರಿಸಿದ್ದೇನೆ.

ಖರ್ಚಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ. ವಾಣಿಜ್ಯ ಸೇವೆ ಕಾರ್ಡ್ ಕೇಳಿತು, ಪಡೆದ ಬಿಂದುಗಳನ್ನು ಬಹುಕಾಲ ಇಟ್ಟುಕೊಳ್ಳಬಾರದೆಂಬ ಷರತ್ತನ್ನೂ ಹಾಕಿತು. ನೊಮಿನಾಟಿಮ್ ಉತ್ತರಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಹೆಸರು ನಮೂದಿಸಿ ನನ್ನ ಕಡತದಲ್ಲೇ ಉಳಿಸಿಕೊಂಡಿದ್ದೇನೆ, ಮತ್ತು ಕೊನೆಗೂ 'ನನ್' ಆಗಿಯೇ ಉಳಿದ ಇಪ್ಪತ್ತಾರು ಮನೆಗಳ ಬಿಂದುಗಳನ್ನು ಹುಡುಗರೇ ಬಾಗಿಲ ಮುಂದೆ ನಿಂತು ಮೊಬೈಲ್‌ನಿಂದ ಕಳಿಸುತ್ತಿದ್ದಾರೆ. ಹದಿನಾಲ್ಕು ಬಂದಿವೆ.