ಸಿಲಿಕೋನ್ ಲೈನರ್: ಬುಟ್ಟಿ ಕ್ಲೀನ್, ಆಲೂಗಡ್ಡೆ ಮೆತ್ತಗೆ

ಏರ್ ಫ್ರೈಯರ್ ಬುಟ್ಟಿ ಉಜ್ಜುವುದು ನನಗೆ ಆಗದ ಕೆಲಸ. ಆ ಸಣ್ಣ ತೂತುಗಳಲ್ಲಿ ಕೂತ ಜಿಡ್ಡು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ಬುಟ್ಟಿಯೊಳಗೆ ಇಡುವ, ರಬ್ಬರಿನಂತೆ ಬಾಗುವ ತಟ್ಟೆ, ಅಂದರೆ ಸಿಲಿಕೋನ್ ಲೈನರ್ ತಗೊಂಡೆ. ಅಳತೆ, ಬಣ್ಣ ಎಲ್ಲ ಡಬ್ಬಿಯ ಮೇಲೇ ಇರುತ್ತದೆ, ಬಿಡಿ.

ಸಿಟ್ಟು ಬಂದಿದ್ದು ಆಲೂಗಡ್ಡೆ ವಿಷಯದಲ್ಲಿ. ಮೇಲೆ ಗರಿಗರಿ, ತಿರುಗಿಸಿ ನೋಡಿದರೆ ಕೆಳಗೆ ಮೆತ್ತಗೆ, ನೀರಲ್ಲಿ ಬೇಯಿಸಿದ ಹಾಗೆ! ಬುಟ್ಟಿಗೆ ತೂತು ಇಟ್ಟಿರುವುದೇ ಬಿಸಿಗಾಳಿ ಕೆಳಗಿಂದಲೂ ಆಡಲಿ ಅಂತ. ಲೈನರ್ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆಲೂಗಡ್ಡೆ ಬಿಟ್ಟ ನೀರು ಅಲ್ಲೇ ಆವಿಯಾಗಿ, ಅದರಲ್ಲೇ ಬೇಯುತ್ತದೆ. ಲೈನರ್ ತಳದಲ್ಲಿ ಉಬ್ಬು ಗೆರೆಗಳಿವೆ, ನಿಜ. ಜಿಡ್ಡು ಅವುಗಳ ನಡುವೆ ಇಳಿಯುತ್ತದೆ, ಆದರೆ ಗಾಳಿ ಆಡಬೇಕಲ್ವಾ? ಈಗ ನಡುವೆ ಒಮ್ಮೆ ಹೊರಳಿಸಿ, ಇನ್ನಷ್ಟು ಹೊತ್ತು ಇಡುತ್ತೇನೆ. ಆದರೂ ಬರಿ ಬುಟ್ಟಿಯ ರುಚಿ ಇಲ್ಲ.

ಹಾಗಾದರೆ ಕಾಗದ ಹಾಕಬಹುದಲ್ಲ ಅನ್ನಬಹುದು. ಬೇಕಿಂಗ್‌ಗೆ ಬಳಸುವ, ತೂತಿರುವ ಪಾರ್ಚ್‌ಮೆಂಟ್ ಕಾಗದದಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಸುಳ್ಳಲ್ಲ. ಆದರೆ ಖಾಲಿ ಕಾಗದ ಇಟ್ಟು ಮೊದಲೇ ಬಿಸಿ ಮಾಡಲು ಹೋಗಬೇಡಿ. ಫ್ಯಾನ್ ಗಾಳಿಗೆ ಅದು ಹಾರಿ ಮೇಲಿರುವ, ಬಿಸಿ ಮಾಡುವ ಕಾಯಿಲ್‌ಗೆ ತಾಗಿದರೆ ಸುಡುತ್ತದೆ. ಮೇಲೆ ತಿಂಡಿಯ ಭಾರ ಇರಲೇಬೇಕು. ಮೇಣದ ಕಾಗದವಂತೂ ಬೇಡವೇ ಬೇಡ, ಮೇಣ ಕರಗಿ ತಿಂಡಿಗೆ ಹತ್ತುತ್ತದೆ. ಅಲ್ಯೂಮಿನಿಯಂ ಫಾಯಿಲ್ ಮೇಲೆ ಟೊಮೆಟೊ, ನಿಂಬೆ ಹುಳಿ ಇರುವುದನ್ನು ಇಟ್ಟರೆ ಲೋಹ ಸ್ವಲ್ಪ ತಿಂಡಿಗೆ ಇಳಿಯುತ್ತದೆ. ಇನ್ನು ಪ್ರತಿ ಸಲ ಒಂದು ಹಾಳೆ ಎಸೆಯುವುದು ನನ್ನ ಕೈಗೂ ಜೇಬಿಗೂ ಒಗ್ಗಲಿಲ್ಲ.

ಕೊಳ್ಳುವಾಗ ನಾನು ನೋಡಿದ್ದು ಎರಡೇ: ಆಹಾರಕ್ಕೆ ಬಳಸುವ ಸಿಲಿಕೋನ್ ಅಂತ ಬರೆದಿದೆಯಾ, ಎಷ್ಟು ಬಿಸಿ ತಡೆಯುತ್ತದೆ. ನನ್ನದರ ಮೇಲೆ 230 ಡಿಗ್ರಿ ಸೆಲ್ಸಿಯಸ್ ಅಂತಿದೆ. ಫ್ರೈಯರ್ 200ಕ್ಕೆ ನಿಲ್ಲುತ್ತದೆ, ಸಾಕು. ಹಿಂಡಿ ತಿರುಚಿದಾಗ ಬೆಳ್ಳಗಾದರೆ ಕಲಬೆರಕೆ ಅನ್ನುವವರಿದ್ದಾರೆ. ನಾನೂ ತಿರುಚಿ ನೋಡಿದೆ, ಆದರೆ ಅದನ್ನೇ ಪಕ್ಕಾ ಪರೀಕ್ಷೆ ಅಂತ ನಂಬುವುದಿಲ್ಲ.

ಇಷ್ಟು ಬೈದರೂ ಇದನ್ನು ಎಸೆಯಲು ಮನಸ್ಸಿಲ್ಲ. ಮಸಾಲೆ ಹಚ್ಚಿದ ಮೀನು, ಚೀಸ್ ಸುರಿಯುವ ತಿಂಡಿ, ಮೊಟ್ಟೆ, ಕೇಕ್ ಮಾಡುವಾಗ ಇದಕ್ಕಿಂತ ಒಳ್ಳೆಯದಿಲ್ಲ. ಎರಡು ಕಿವಿ ಹಿಡಿದು ಎತ್ತಿದರೆ ಎಲ್ಲ ಒಟ್ಟಿಗೇ ಹೊರಗೆ ಬರುತ್ತದೆ. ಕಿವಿಯೂ ಸುಡುತ್ತದೆ, ಬಟ್ಟೆ ಹಿಡಿಯಿರಿ. ತಣಿದ ಮೇಲೆ ಒಳಗನ್ನು ಹೊರಗೆ ಮಗುಚಿ, ಬಿಸಿನೀರು, ಸೋಪು, ಮೆತ್ತನೆ ಬ್ರಷ್. ಗೆರೆಗಳ ಉದ್ದಕ್ಕೂ ಬ್ರಷ್ ಎಳೆದಾಗ ಜಿಡ್ಡು ಜಾರಿ ಹೋಗುವುದನ್ನು ನೋಡುವುದೇ ಒಂದು ಸುಖ! ಮೀನಿನ ವಾಸನೆ ಮಾತ್ರ ಒಂದೇ ತೊಳೆತಕ್ಕೆ ಹೋಗುವುದಿಲ್ಲ. ಅಡುಗೆ ಸೋಡಾ ಕಲಸಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು ತೊಳೆಯುತ್ತೇನೆ.

ಐದಕ್ಕೆ ಮೂರು ನಕ್ಷತ್ರ. ತಗೊಳ್ಳುವುದಾದರೆ ಬುಟ್ಟಿಗಿಂತ ಒಂದು ಸುತ್ತು ಚಿಕ್ಕದನ್ನೇ ತಗೊಳ್ಳಿ. ಸುತ್ತಲೂ ಬೆರಳು ಹೋಗುವಷ್ಟು ಜಾಗ ಇದ್ದರೆ ಗಾಳಿ ಕೊಂಚವಾದರೂ ಆಡುತ್ತದೆ.