ಕ್ವಾರಿ ಬ್ಯಾಂಕ್ ಹತ್ತಿ ಗಿರಣಿ: ಮಗ್ಗ ಓಡುವ ದಿನ ನೋಡಿಕೊಂಡು ಹೋಗಿ

ಮ್ಯಾಂಚೆಸ್ಟರ್‌ಗೆ ಬರುವ ನಮ್ಮವರು ಹೆಚ್ಚಾಗಿ ಫುಟ್‌ಬಾಲ್ ಸ್ಟೇಡಿಯಂ ನೋಡಿ, ಫೋಟೊ ತೆಗೆಸಿಕೊಂಡು, ವಿಮಾನ ಹತ್ತಿಬಿಡ್ತಾರೆ. ಆ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಸ್ಟೈಯಲ್ ಅನ್ನೋ ಹಳ್ಳಿ ಇದೆ. ಅಲ್ಲಿ 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಕಟ್ಟಿಸಿದ ಹತ್ತಿ ಗಿರಣಿ ಇದೆ, ಹೆಸರು ಕ್ವಾರಿ ಬ್ಯಾಂಕ್. ಈಗ ಹಳೆಯ ಕಟ್ಟಡ, ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಯವರು ನೋಡಿಕೊಳ್ತಾರೆ. ಅವರ ಸದಸ್ಯರಾದರೆ ಟಿಕೆಟ್ ಬೇಡ. ಅಲ್ಲದಿದ್ದರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಮೊದಲು ಒಂದು ಎಚ್ಚರಿಕೆ. ಜಾಗ ತುಂಬಾ ಚೆನ್ನಾಗಿದೆ, ಅದೇ ಸಮಸ್ಯೆ. ಕಣಿವೆಯ ತಳದಲ್ಲಿ ಬಾಲಿನ್ ನದಿ, ಸುತ್ತ ಮರಗಳು, ಮಧ್ಯೆ ಕೆಂಪು ಇಟ್ಟಿಗೆಯ ಕಟ್ಟಡ. ಹೊಗೆ, ಮಸಿ, ಕೊಳೆಗೇರಿ ಅಂತ ಕೈಗಾರಿಕಾ ಕ್ರಾಂತಿಯ ಬಗ್ಗೆ ಶಾಲೆಯಲ್ಲಿ ಓದಿದ್ದು ಯಾವುದೂ ಕಾಣಲ್ಲ. ಕಾರಣ ಸರಳ: ಶುರುವಿನಲ್ಲಿ ಗಿರಣಿ ಓಡಿದ್ದು ಕಲ್ಲಿದ್ದಲಿನಿಂದ ಅಲ್ಲ, ಹೊಳೆ ನೀರಿನಿಂದ. ನೀರು ಇದ್ದ ಕಡೆ ಗಿರಣಿ ಕಟ್ಟಿದರು, ಅಲ್ಲಿ ಜನ ಇರಲಿಲ್ಲ, ಅದಕ್ಕೇ ಜನರನ್ನು ಬೇರೆ ಕಡೆಯಿಂದ ತರಬೇಕಾಯಿತು. ಈ ಮಾತು ನೆನಪಿರಲಿ, ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

ಒಳಗೆ ಹೋದ ಮೇಲೆ ಫಲಕ ಓದುತ್ತಾ ನಿಲ್ಲಬೇಡಿ, ಯಂತ್ರ ಓಡಿಸುವವರ ಹತ್ತಿರ ಹೋಗಿ. ಅರಳೆ ಹಿಂಜುವುದು, ನೂಲು ತೆಗೆಯುವುದು, ನೇಯುವುದು, ಎಲ್ಲಾ ಕಣ್ಣೆದುರೇ ಮಾಡಿ ತೋರಿಸ್ತಾರೆ. ಮಗ್ಗ ಶುರುವಾದ ಕೂಡಲೇ ಪಕ್ಕದವರ ಮಾತು ಕೇಳಿಸಲ್ಲ. ನೆಲದಿಂದ ಅಂಗಾಲಿಗೆ ನಡುಕ ಹತ್ತುತ್ತೆ. ದೊಡ್ಡಬಳ್ಳಾಪುರದ ಪವರ್‌ಲೂಮ್ ಬೀದಿಯಲ್ಲಿ ಓಡಾಡಿದವರಿಗೆ ಈ ಸದ್ದು ಗೊತ್ತು, ಆದರೆ ಇಲ್ಲಿ ಓಡಿಸೋದು ನಾಲ್ಕಾರು ಮಗ್ಗ ಮಾತ್ರ. ಮ್ಯಾಂಚೆಸ್ಟರ್ ಸುತ್ತಲಿನ ಹತ್ತಿ ಗಿರಣಿಗಳ ಸೀಮೆಯಾದ ಲ್ಯಾಂಕಾಶೈರ್‌ನ ದೊಡ್ಡ ಗಿರಣಿಗಳಲ್ಲಿ ಒಂದೇ ಸೂರಿನಡಿ ನೂರಾರು ಓಡ್ತಿದ್ದವು, ಹಾಗಾಗಿ ಅಲ್ಲಿನ ನೇಕಾರರು ತುಟಿ ನೋಡಿಯೇ ಮಾತು ಅರ್ಥ ಮಾಡಿಕೊಳ್ಳೋದು ಕಲಿತಿದ್ದರು.

ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿದ್ದು ಮ್ಯೂಲ್ ಅನ್ನೋ ನೂಲುವ ಯಂತ್ರ. ಉದ್ದನೆಯ ಗಾಡಿಯಂಥ ಭಾಗ ನೂಲು ಎಳೆಯುತ್ತಾ ಮುಂದೆ ಬರುತ್ತೆ, ಮತ್ತೆ ಹಿಂದೆ ಹೋಗಿ ಸೇರಿಕೊಳ್ಳುತ್ತೆ. ಆ ಗಾಡಿಗೂ ಯಂತ್ರಕ್ಕೂ ನಡುವೆ, ಎಳೆಗಳ ಕೆಳಗೆ ತೆವಳಿಕೊಂಡು ಹೋಗಿ, ಬಿದ್ದ ಹತ್ತಿ ಬಳಿದು ತೆಗೆಯೋದು ಮಕ್ಕಳ ಕೆಲಸ. ಯಂತ್ರ ನಿಲ್ಲಿಸ್ತಿರಲಿಲ್ಲ. ಗಾಡಿ ವಾಪಸ್ ಹೋಗೋದನ್ನು ಒಮ್ಮೆ ನೋಡಿ, ಆ ಸಂದಿ ಎಷ್ಟು ಬೇಗ ಮುಚ್ಚಿಕೊಳ್ಳುತ್ತೆ ಅಂತ ಗೊತ್ತಾಗುತ್ತೆ.

ಆ ಮಕ್ಕಳು ಇದ್ದ ಮನೆ ಸ್ವಲ್ಪ ದೂರದಲ್ಲೇ ಇದೆ, 1790ರದ್ದು. ಇದನ್ನು ಗೈಡ್ ಜೊತೆಗೇ ನೋಡಬೇಕು, ಹೋದ ತಕ್ಷಣ ಸಮಯ ವಿಚಾರಿಸಿ. ಸುಮಾರು 90 ಮಕ್ಕಳು, ಹೆಚ್ಚಿನವರು ಹುಡುಗಿಯರು. ಬಡವರ ಆಶ್ರಯಮನೆಗಳಿಂದ ದುಡಿಮೆಯ ಕರಾರು ಬರೆಸಿಕೊಂಡು ಕರೆತಂದವರು. ಒಂದು ಹಾಸಿಗೆಗೆ ಇಬ್ಬರು, ಹುಲ್ಲು ತುಂಬಿದ ಹಾಸಿಗೆ, ದಿನಕ್ಕೆ 12 ಗಂಟೆ ದುಡಿಮೆ, ಭಾನುವಾರ ಚರ್ಚಿಗೆ ನಡಿಗೆ. ಬೆಳಗಿನ ಓಟ್ಸ್ ಗಂಜಿ ಅಂಗೈ ಮೇಲೆ ಹಾಕಿಸಿಕೊಂಡು ತಿನ್ನುವಷ್ಟು ಗಟ್ಟಿ. ಥಾಮಸ್ ಪ್ರೀಸ್ಟ್ಲಿ ಅನ್ನೋ ಹುಡುಗನ ಕಥೆ ಕೇಳಿ ಬನ್ನಿ. ಯಂತ್ರದ ಚಕ್ರಕ್ಕೆ ಸಿಕ್ಕಿ ಎಡಗೈ ತೋರುಬೆರಳು ಹೋಯಿತು. 1806ರಲ್ಲಿ ಅವನೂ ಇನ್ನೊಬ್ಬ ಹುಡುಗನೂ ಅಮ್ಮಂದಿರನ್ನು ನೋಡಬೇಕು ಅಂತ ಲಂಡನ್‌ಗೆ ಓಡಿಹೋದರು. ಅಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಅವರು ಕೊಟ್ಟ ಹೇಳಿಕೆ ಉಳಿದುಕೊಂಡಿರೋದರಿಂದಲೇ ಗಿರಣಿಯೊಳಗಿನ ಈ ದಿನಚರಿ ನಮಗೆ ಮಕ್ಕಳ ಬಾಯಿಂದಲೇ ತಿಳಿಯುತ್ತೆ.

ಗ್ರೆಗ್ ಒಳ್ಳೆಯ ಧಣಿ ಅನ್ನೋ ಮಾತು ಹಿಂದಿನಿಂದ ಇದೆ. ಪೂರ್ತಿ ಸುಳ್ಳಲ್ಲ. ಪೀಟರ್ ಹಾಲಂಡ್ ಅನ್ನೋ ವೈದ್ಯರನ್ನು ಗೊತ್ತುಮಾಡಿದ್ದರು, ಹೆಂಡತಿ ಹ್ಯಾನಾ ಮಕ್ಕಳ ಓದಿನ ಬಗ್ಗೆ ಮುತುವರ್ಜಿ ವಹಿಸಿದ್ದರು, ಕೆಲಸಗಾರರಿಗೆ ಹಿತ್ತಿಲಿರುವ ಮನೆ ಕಟ್ಟಿಸಿದ್ದರು. ಸರಿ. ಆದರೆ ಇದೇ ಮನೆತನಕ್ಕೆ ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದಲ್ಲಿ ಗುಲಾಮರು ದುಡಿಯುವ ತೋಟವಿತ್ತು. ಗಿರಣಿಗೆ ಬರ್ತಿದ್ದ ಅಮೆರಿಕದ ಹತ್ತಿಯೂ ಗುಲಾಮರು ಬಿಡಿಸಿದ್ದೇ. ದುಡಿಮೆಯ ಗಂಟೆ ಇಳಿಸುವ ಕಾನೂನಿಗೆ ಮಗ ರಾಬರ್ಟ್ ಹೈಡ್ ಗ್ರೆಗ್ ಗಟ್ಟಿಯಾಗಿ ವಿರೋಧ ಮಾಡಿದ. ಕೆಲಸಕ್ಕೆ ಬರೋ ಮಕ್ಕಳು ಬದುಕಿರಬೇಕಲ್ವಾ, ಅದಕ್ಕೆ ವೈದ್ಯರು. ಇದು ನನ್ನ ಅಭಿಪ್ರಾಯ, ನೀವು ಒಪ್ಪಲೇಬೇಕು ಅಂತಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಎಳೆ ಇದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತುಹೋದಾಗ ಲ್ಯಾಂಕಾಶೈರ್ ಉಪವಾಸ ಬಿತ್ತು. ಆಗ ಮ್ಯಾಂಚೆಸ್ಟರ್‌ನ ಕಣ್ಣು ಧಾರವಾಡದ ಮೇಲೆ ಬಿತ್ತು. ಅಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಸೋಕೆ ಅದಕ್ಕೂ ಮುಂಚೆಯೇ ಶುರು ಮಾಡಿದ್ದರು. ಘಟ್ಟ ಇಳಿಸಿ ಸಾಗಿಸೋಕೆ ಕಾರವಾರದ ಬಂದರು ಬೇಕು ಅಂತ ಒತ್ತಡ ಹಾಕಿದ್ದೂ ಮ್ಯಾಂಚೆಸ್ಟರ್‌ನ ಗಿರಣಿ ಜನರೇ. ಧಾರವಾಡದವರು ಇಲ್ಲಿಗೆ ಬಂದರೆ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ.

ಇನ್ನು ಹೋಗುವವರಿಗೆ. ಯಂತ್ರಗಳು ಓಡುವ ಹೊತ್ತು ಮೊದಲೇ ಕೇಳಿಕೊಳ್ಳಿ, ಓಡದ ಮಗ್ಗ ನೋಡಿ ಏನೂ ಪ್ರಯೋಜನ ಇಲ್ಲ. ನೀರಿನ ಚಕ್ರವನ್ನೂ ತಪ್ಪಿಸಬೇಡಿ. ಈಗಿರೋದು ಮೂಲದ್ದಲ್ಲ, ಯಾರ್ಕ್‌ಶೈರ್‌ನ ಇನ್ನೊಂದು ಗಿರಣಿಯಿಂದ ತಂದು ಕೂರಿಸಿದ್ದು, ಆದರೆ ನೀರು ಬಿದ್ದು ತಿರುಗೋಕೆ ಶುರುವಾದರೆ ಮಕ್ಕಳು ಅಲ್ಲಿಂದ ಕದಲಲ್ಲ. ಗಿರಣಿಗೆ ಇಳಿಯುವ ದಾರಿ ಕಡಿದಾಗಿದೆ, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋದಾದರೆ ಚಪ್ಪಲಿ ಬೇಡ, ಶೂ ಹಾಕಿಸಿ.